ಅಡಿಗೊಂದು ನೂಲು

ಮೂರನೆಯ ಮುದ್ದೆಯನ್ನು ಒರಳಿಗೆ ತುಂಬಿ ರಂಗನಾಯಕಿ ತಿರುಪಿನ ಹಿಡಿಯ ಮೇಲೆ ಮೈಭಾರ ಹಾಕಿದಳು. ಹಿಟ್ಟು ಆರುವುದರೊಳಗೆ ಒತ್ತಿ ಮುಗಿಸಬೇಕು. ಆರಿತೋ, ಶ್ಯಾವಿಗೆಯಾಗದೆ ಹಟ ಹಿಡಿದು ಕೂರುತ್ತದೆ. ಮೂರು ಕಾಲಿನ ಎರಕದ ಕಬ್ಬಿಣದ ಒರಳು ಅದು. ಅವಳ ಮದುವೆಯ ವರ್ಷ ಪೀಳಮೇಡಿನಲ್ಲಿ ಗಂಡ ಫೌಂಡ್ರಿ ಶುರುಮಾಡಿದಾಗ ಮೊದಲ ಎರಕ ನೀರಿನ ಪಂಪಿಗೆ ಹೋಗಿತ್ತು, ಎರಡನೆಯದು ಈ ಒರಳಿಗೆ. ಇಪ್ಪತ್ತೆಂಟು ವರ್ಷವಾದರೂ ತಿರುಪು ಒಂದು ದಿನ ಸಡಿಲವಾಗಿರಲಿಲ್ಲ.

"ಅವನಿಗೆ ಹೇಳು," ಎಂದರು ಊಟದ ಮೇಜಿನಿಂದ ಗುರುಸಾಮಿ ನಾಯ್ಡು. "ನಾಳೆಯಿಂದ ಫೌಂಡ್ರಿಗೆ ಬರೋದಾದ್ರೆ ಬರಲಿ. ಕೈ ಮುರಿದಿದ್ರೂ ಸಹಿ ಹಾಕೋಕೇನು ಕಷ್ಟ."

ಅವನು ಎಂದರೆ ಮಗ ವರದರಾಜ. ಅದೇ ಮೇಜಿನಲ್ಲಿ, ಅಪ್ಪನಿಂದ ಮೂರಡಿ ದೂರದಲ್ಲಿ, ಬಲಗೈಗೆ ಬೆರಳಿನಿಂದ ಮೊಳಕೈವರೆಗೆ ಪ್ಲಾಸ್ಟರ್ ಕಟ್ಟಿಸಿಕೊಂಡು ಎಡಗೈಯಲ್ಲಿ ತೆಂಗಿನಹಾಲು ಸುರಿದುಕೊಳ್ಳುತ್ತಿದ್ದ.

"ಅವರಿಗೆ ಹೇಳಮ್ಮ. ಮುರಿದಿರೋದು ಬಲಗೈ. ಎಡಗೈ ಸಹಿ ಬ್ಯಾಂಕಿನವರು ಒಪ್ಪಲ್ಲ."

ರಂಗನಾಯಕಿ ಹಬೆಯಾಡುವ ಶ್ಯಾವಿಗೆಯನ್ನು ಗಂಡನ ತಟ್ಟೆಗೆ ಬಡಿಸಿದಳು. "ಕೈ ವಾಸಿಯಾಗಲಿ, ಆಮೇಲೆ ನೋಡೋಣ ಅಂತಾನೆ."

"ಹೂಂ," ಎಂದರು ನಾಯ್ಡು.

ಒಂದು ತಿಂಗಳಿಂದ ಹೀಗೇ ನಡೆದಿತ್ತು. ಮಗ ಹೇಳಿದ್ದು ಅಪ್ಪನಿಗೆ, ಅಪ್ಪ ಹೇಳಿದ್ದು ಮಗನಿಗೆ ಚೆನ್ನಾಗಿಯೇ ಕೇಳಿಸುತ್ತಿತ್ತು. ಆದರೂ ಇಬ್ಬರೂ ಅವಳ ಬಾಯಿಂದ ಬಂದದ್ದನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿದ್ದರು. ಅವಳು ಮುಳ್ಳು ತೆಗೆದು ದಾಟಿಸುತ್ತಿದ್ದಳು.

"ಏನಮ್ಮಣ್ಣಿ, ಟ್ರಂಕಾಲು ಸಿಗ್ತಾ?" ಎಂದರು ಮೂಲೆಯ ಒರಗುಕುರ್ಚಿಯಿಂದ ಅತ್ತೆ ತಾಯಾರಮ್ಮ. ಎಪ್ಪತ್ತೆಂಟರ ಮುದುಕಿಗೆ ಹಲ್ಲು ನಾಲ್ಕೇ ಉಳಿದಿದ್ದರೂ ನಾಲಿಗೆ ಪೂರ್ತಿಯಿತ್ತು. "ಮೂರು ನಿಮಿಷ ಆಯ್ತು, ಕಟ್ ಮಾಡು. ನನಗೆ ಎಳ್ಳುಪುಡಿ ಹಾಕು."

ವಾಲ್ಪಾರೆ ಘಾಟಿಯ ರ್‍ಯಾಲಿಯಲ್ಲಿ ವರದನ ಕಾರು ಮಗುಚಿದ್ದು ಹಿಂದಿನ ತಿಂಗಳು. ರಸ್ತೆ ಬಿಟ್ಟು ಹಾರಿದ ಕಾರನ್ನು ಚಹಾ ಗಿಡಗಳು ಹಾಸಿಗೆಯ ಹಾಗೆ ಹಿಡಿದುಕೊಂಡಿದ್ದರಿಂದ ಮಣಿಕಟ್ಟು ಮುರಿದದ್ದು ಬಿಟ್ಟರೆ ಮತ್ತೇನೂ ಆಗಲಿಲ್ಲ. ಆಸ್ಪತ್ರೆಯಲ್ಲಿ ಮಗನ ಮುಖ ನೋಡಿದ ನಾಯ್ಡು ಹೊರಗೆ ಬಂದು ಬೇವಿನ ಮರದ ಕೆಳಗೆ ಅರ್ಧ ಗಂಟೆ ನಿಂತಿದ್ದರು. ಅವತ್ತಿನಿಂದ ಅವನೊಂದಿಗೆ ನೇರ ಮಾತಿಲ್ಲ.

ಈ ಹುಡುಗ ಹೀಗೆ ಆದದ್ದು ನಿನ್ನೆ ಮೊನ್ನೆಯಲ್ಲ. ಏಳು ವರ್ಷಕ್ಕೆ ಇದೇ ಶ್ಯಾವಿಗೆ ಒರಳನ್ನು ಬಿಚ್ಚಿ ಮತ್ತೆ ಜೋಡಿಸಿದ್ದ. ಹನ್ನೊಂದಕ್ಕೆ ಉಡುಮಲಪೇಟೆಯಲ್ಲಿ ಸೋದರಮಾವನ ಹತ್ತಿ ಹೊಲದಲ್ಲಿ ಎರಡು ದಿಂಬಿನ ಮೇಲೆ ಕೂತು ಟ್ರಾಕ್ಟರ್ ಓಡಿಸಿದ್ದ. ಇಪ್ಪತ್ತಕ್ಕೆ ಗುಜರಿಯಿಂದ ಒಂದು ಹಳೆಯ ಕಾರು ತಂದು, ಒಳಗಿನದ್ದೆಲ್ಲ ತನ್ನ ಲೆಕ್ಕದಲ್ಲಿ ಬದಲಾಯಿಸಿ, ಮದರಾಸಿನ ಹತ್ತಿರ ಶೋಳಾವರಂನ ಹಳೆಯ ವಿಮಾನದ ಓಟದಾರಿಯಲ್ಲಿ ನಡೆಯುವ ರೇಸಿನಲ್ಲಿ ದೊಡ್ಡ ದೊಡ್ಡವರ ಪರದೇಶದ ಕಾರುಗಳನ್ನು ಹಿಂದೆ ಹಾಕಿದ್ದ. ಆಮೇಲೆ ನಾಲ್ಕು ವರ್ಷ ಗೆದ್ದ. ಪೇಪರಿನಲ್ಲಿ ಫೋಟೋ ಬಂದಾಗಲೆಲ್ಲ ನಾಯ್ಡು ಅದನ್ನು ಮಡಿಸಿ ಅಂಗಿ ಜೇಬಿನಲ್ಲಿಟ್ಟುಕೊಂಡು ಫೌಂಡ್ರಿಗೆ ಹೋಗುತ್ತಿದ್ದರು. ಮನೆಯಲ್ಲಿ ಮಾತ್ರ "ಪೆಟ್ರೋಲು ಸುಡೋದೂ ಒಂದು ಕಸುಬಾ?" ಎನ್ನುತ್ತಿದ್ದರು.

ಈಗ ಅವನು ದನದ ಕೊಟ್ಟಿಗೆಯ ಹಿಂದಿನ ಶೆಡ್ಡಿನಲ್ಲಿ ಹೊಸದೊಂದನ್ನು ಕಟ್ಟುತ್ತಿದ್ದ. ಒಬ್ಬರೇ ಕೂರುವ, ಚಕ್ರಗಳು ಹೊರಗೆ ಕಾಣುವ, ನೆಲಕ್ಕೆ ಅಂಟಿದ ಹಾಗಿರುವ ರೇಸ್ ಕಾರು. ಎಂಜಿನು ಮಾತ್ರ ಮೂರು ವರ್ಷದ ಹಿಂದೆ ಬಂದ ಪುಟ್ಟ ಕಾರಿನದ್ದು. ಮಿಕ್ಕದ್ದೆಲ್ಲ ಈ ಊರಿನದ್ದೇ.

"ಇಂಥದ್ದನ್ನ ಹಡಗಲ್ಲಿ ತರಿಸ್ಕೊಳ್ಳೋಕೆ ರಾಜರ ಮಕ್ಕಳೇ ಆಗಬೇಕಮ್ಮ. ನಾನು ಮಾಡಿದ್ರೆ ಮೆಕ್ಯಾನಿಕ್ಕನ ಮಗನೂ ಕೂತು ಓಡಿಸಬಹುದು," ಎನ್ನುತ್ತಿದ್ದ.

ಆ ಭಾನುವಾರ ಶ್ಯಾವಿಗೆ ಊಟ ಮುಗಿಸಿ ಕೈ ತೊಳೆಯುವಾಗ ನಾಯ್ಡು ಮತ್ತೆ ಶುರುಮಾಡಿದರು. "ಅವನಿಗೆ ಹೇಳು. ಆಯುಧಪೂಜೆ ದಿನ ನಾನು ಕರ್ಪೂರ ಹಚ್ಚೋಕೆ ಬಂದಾಗ ಆ ಶೆಡ್ಡಲ್ಲಿ ಹೊಸ ಲೇತ್ ಇರಬೇಕು. ಆ ಹಾಳು ಪೈಪುಗಳಲ್ಲ."

ವರದ ತಟ್ಟೆಯ ಮುಂದಿನಿಂದ ಎದ್ದು ನಿಂತ. "ಅವರಿಗೆ ಹೇಳಮ್ಮ. ಆಯುಧಪೂಜೆ ದಿನ ಕುಂಕುಮ ಇಡೋಕೆ ಅಲ್ಲೊಂದು ಕಾರು ಇರತ್ತೆ. ಇಲ್ಲ ಅಂದ್ರೆ, ಹಬ್ಬ ಮುಗಿದ ಮಾರನೇ ದಿನ ಎಂಟು ಗಂಟೆಗೆ ಊಟದ ಕ್ಯಾರಿಯರ್ ಹಿಡ್ಕೊಂಡು ಫೌಂಡ್ರಿಗೆ ಬರ್ತೀನಿ. ಸಾಯೋ ತನಕ ಕಾರಿನ ಮಾತೆತ್ತಲ್ಲ."

ಇದರಲ್ಲಿ ತೆಗೆಯಲು ಮುಳ್ಳು ಯಾವುದು, ಬಿಡಲು ಹೂವು ಯಾವುದು ಎಂದು ರಂಗನಾಯಕಿಗೆ ತಿಳಿಯಲಿಲ್ಲ. ಮೊದಲ ಸಲ ಏನೂ ದಾಟಿಸದೆ ಸುಮ್ಮನೆ ನಿಂತಳು. ಊಟಕ್ಕೆ ಕೂತಾಗಲೂ ಕಾಲಿನಲ್ಲಿ ಬ್ರೇಕು ಒತ್ತುವ ಹುಡುಗ ಇವನು. ಫೌಂಡ್ರಿಯ ಕುರ್ಚಿಯಲ್ಲಿ ಕೂರಿಸಿದರೆ ಮನೆಯಲ್ಲಿ ಜಗಳ ನಿಲ್ಲುತ್ತದೆ, ನಿಜ. ಅದರ ಜೊತೆ ಇನ್ನೇನೇನು ನಿಲ್ಲುತ್ತದೋ.

"ಲೈನು ಕಟ್ಟಾಯ್ತು," ಎಂದರು ತಾಯಾರಮ್ಮ.

ಆಯುಧಪೂಜೆಗೆ ಐದು ವಾರವಿತ್ತು.

ಮಾರನೆಯ ದಿನ ನಾಯ್ಡು ಫೌಂಡ್ರಿಗೆ ಹೊರಟ ಮೇಲೆ ವರದ ಅಡುಗೆಮನೆಯ ಬಾಗಿಲಿಗೆ ಬಂದ. "ಅಮ್ಮಾ, ಒಂದು ನಿಮಿಷ ಶೆಡ್ಡಿಗೆ ಬಾ. ಕೂತು ಎದ್ದು ಹೋಗು, ಅಷ್ಟೆ."

"ಎಲ್ಲಿ ಕೂರಲಿ?"

"ಮರಳಲ್ಲಿ."

ಕಾರಿನ ಕಬ್ಬಿಣದ ಹಂದರದೊಳಗೆ ಫೌಂಡ್ರಿಯ ಎರಕದ ಮರಳು ತುಂಬಿದ್ದ. ಕಾಕಂಬಿ ಬೆರೆಸಿದ, ಕಪ್ಪು, ಒದ್ದೆ ಮರಳು. ಓಡಿಸುವವರು ಅದರಲ್ಲಿ ಕೂತು ಎದ್ದರೆ ಮೈಯ ಅಚ್ಚು ಬೀಳುತ್ತದೆ. ಆ ಅಚ್ಚಿನ ಮೇಲೆ ಫೈಬರ್ ಹಾಕಿದರೆ ಸೀಟು. ಅಪ್ಪನ ಫೌಂಡ್ರಿಯಲ್ಲಿ ಪಂಪು ಹುಟ್ಟುವ ರೀತಿಯಲ್ಲೇ ಮಗನ ಕಾರಿನ ಸೀಟು ಹುಟ್ಟಬೇಕಿತ್ತು.

"ನೀನೇ ಕೂತ್ಕೊಳ್ಳೋ."

"ಕೂತ್ರೆ ಹೊರಗಿಂದ ನೋಡೋರು ಯಾರು? ಈ ಕೈ ಇಟ್ಕೊಂಡು ಎದ್ದರೆ ಅಚ್ಚೆಲ್ಲ ಕಲಸಿಹೋಗತ್ತೆ. ನನ್ನ ಮೈಕಟ್ಟು ನಿನ್ನದೇ ಅಂತ ಎಲ್ಲರೂ ಹೇಳಲ್ವಾ?"

ಅದು ನಿಜವೇ. ನಾಯ್ಡು ಆನೆಯಂಥ ಆಳು. ವರದ ತಾಯಿಯಂತೆ ಗಿಡ್ಡ, ತೆಳು. ಫೌಂಡ್ರಿಯ ಎರಕಕ್ಕೆ ಮರದ ಅಚ್ಚು ಮಾಡುವ ವೇಲಾಯುಧ ಆಚಾರಿ ಕಾರಿನ ಮೈಗೆ ಅಚ್ಚು ಕೆತ್ತಲು ಅಲ್ಲಿಗೆ ಬರುತ್ತಿದ್ದ. ಆತ ಗೌರವಕ್ಕೆ ಗೋಡೆ ಕಡೆ ತಿರುಗಿ ನಿಂತ. ರಂಗನಾಯಕಿ ಸೀರೆಯನ್ನು ಮೊಣಕಾಲಿನ ನಡುವೆ ಸೇರಿಸಿ, ಮಗನ ಎಡ ಭುಜ ಹಿಡಿದು ಒಳಗಿಳಿದಳು. ಮರಳು ತಣ್ಣಗಿತ್ತು. ಕಾಲು ಚಾಚಿದರೆ ಮೂರು ಪೆಡಲು. ಕೈ ಚಾಚಿದರೆ ಗುಂಡು ಚಕ್ರ, ರೊಟ್ಟಿ ತಟ್ಟೆಯಷ್ಟೇ ದೊಡ್ಡದು.

"ಬಲಗಾಲು ಪೂರ್ತಿ ಒತ್ತು."

"ಸೆರಗು ಸಿಕ್ಕೊಳ್ಳತ್ತೆ. ನೆರಿಗೆ ಅಡ್ಡ ಬರ್ತಿದೆ."

"ಸೀರೆ ಉಟ್ಕೊಂಡು ಯಾರೂ ರೇಸಿಗೆ ಬರಲ್ಲಮ್ಮ," ವರದ ನಕ್ಕ. "ಶೋಳಾವರಂನಲ್ಲಿ ಹೆಂಗಸರದ್ದೂ ಒಂದು ರೇಸಿದೆ, ಗೊತ್ತಾ? ನಾಲ್ಕು ಜನ ಸೇರಿಸೋಕೇ ಒದ್ದಾಡ್ತಾರೆ. ಹೋದ ಫೆಬ್ರವರಿಯಲ್ಲಿ ಗೆದ್ದವಳು ಮೂರು ಮಕ್ಕಳ ತಾಯಿ."

"ಸರಿಯಪ್ಪ. ನನ್ನ ಸಾರು ಉಕ್ಕತ್ತೆ, ಏಳ್ತೀನಿ."

ಆದರೆ ಕೂಡಲೇ ಏಳಲಿಲ್ಲ. ಮದುವೆಗೆ ಮುಂಚೆ ಅವಳ ಅಪ್ಪ ಹತ್ತಿ ಗಿರಣಿಯ ಅಂಗಳದಲ್ಲಿ ಅವಳಿಗೆ ಕಾರು ಕಲಿಸಿದ್ದರು. ಲೈಸೆನ್ಸೂ ಇತ್ತು. ಮದುವೆಯಾಗಿ ಬಂದ ಮೇಲೆ ಎರಡು ವರ್ಷ ಅತ್ತೆಯನ್ನು ಕೂರಿಸಿಕೊಂಡು ಪೇರೂರು ಗುಡಿಗೆ ತಾನೇ ಓಡಿಸುತ್ತಿದ್ದಳು. ಒಂದು ದಿನ ಗುಡಿಯ ಮುಂದೆ ಯಾರೋ ಹೆಂಗಸರು, "ನಾಯ್ಡುಗಳ ಮನೇಲಿ ಸೊಸೆಗೇ ಡ್ರೈವರ್ ಕೆಲಸ ಕೊಟ್ಟಿದಾರೆ," ಎಂದರು. ಅವಳಿಗೆ ಯಾರೂ ಬೇಡವೆನ್ನಲಿಲ್ಲ. ಮುಂದಿನ ವಾರ ಮನೆಗೊಬ್ಬ ಡ್ರೈವರ್ ಬಂದ. ಕೀಲಿಕೈ ಬೇರೆ ಮೊಳೆಗೆ ಹೋಯಿತು.

ಅವಳು ಹಿತ್ತಲ ಬಾಗಿಲಿಂದ ಒಳಗೆ ಬರುವಾಗ ತಾಯಾರಮ್ಮ ಅಲ್ಲಿಯೇ ಬೆಳ್ಳುಳ್ಳಿ ಸುಲಿಯುತ್ತ ಕೂತಿದ್ದರು.

"ತಿರುಗು."

"ಯಾಕತ್ತೆ?"

"ತಿರುಗಮ್ಮಣ್ಣಿ." ಸೀರೆಯ ಹಿಂಭಾಗವೆಲ್ಲ ಕಪ್ಪು. ಮುದುಕಿ ಒಂದು ಗಳಿಗೆ ನೋಡಿದರು. "ಎಮ್ಮೆ ಕೆಸರಲ್ಲಿ ಕೂತು ಬಂದ ಹಾಗಿದೆ. ಆ ಹುಡುಗ ನಿನ್ನನ್ನೂ ಎರಕ ಹೊಯ್ದನಾ?"

ರಂಗನಾಯಕಿಗೆ ನಗು ತಡೆಯಲಾಗಲಿಲ್ಲ. ಅತ್ತೆಯೂ ನಕ್ಕರು. ಆಮೇಲೆ ಬೆಳ್ಳುಳ್ಳಿಯ ಕಡೆ ನೋಡುತ್ತಲೇ ಹೇಳಿದರು: "ನೀನು ಓಡಿಸ್ತಿದ್ದಾಗ ನನಗೆ ಕಾರಲ್ಲಿ ವಾಂತಿ ಬರ್ತಿರಲಿಲ್ಲ. ಆ ಡ್ರೈವರು ಬಂದ ಮೇಲೇ ಶುರುವಾಗಿದ್ದು. ಹೇಳಬೇಕು ಅಂತಿದ್ದೆ, ಮರೆತೇಹೋಯ್ತು." ಇಪ್ಪತ್ತಾರು ವರ್ಷ ಮರೆತಿದ್ದರು.

ವಾರಗಳು ಓಡಿದವು. ದಿನಕ್ಕೆ ಎರಡು ಸಲ ಚಹಾ, ಹನ್ನೊಂದಕ್ಕೆ ಮಜ್ಜಿಗೆ ಶೆಡ್ಡಿಗೆ ಹೋಗುತ್ತಿತ್ತು. ಆಚಾರಿ ತೇಗದ ಹಲಗೆಗಳನ್ನು ಜೋಡಿಸಿ ಕಾರಿನ ಮೈಯ ಅಚ್ಚು ಕೆತ್ತಿದ. ಮೂಗಿನಿಂದ ಬಾಲದವರೆಗೆ ಹತ್ತಡಿ, ಉಗುರು ಜಾರಿಸಿದರೆ ಎಲ್ಲೂ ತಡೆಯದಷ್ಟು ನುಣುಪು. ಅದರಿಂದ ಫೈಬರ್ ಮೈ ತೆಗೆದರು. ವರದನ ಪ್ಲಾಸ್ಟರ್ ಬಿಚ್ಚಿದರು. ಸಂಜೆ ನಾಯ್ಡು ಬಚ್ಚಲಿಗೆ ಹೋಗುವ ನೆಪದಲ್ಲಿ ಕೊಟ್ಟಿಗೆಯವರೆಗೆ ಬಂದು, ಎಮ್ಮೆಯ ಬೆನ್ನು ಸವರಿ, ಶೆಡ್ಡಿನ ಸದ್ದಿಗೆ ಕಿವಿಕೊಟ್ಟು ವಾಪಸು ಹೋಗುವುದನ್ನು ರಂಗನಾಯಕಿ ಅಡುಗೆಮನೆಯ ಕಿಟಕಿಯಿಂದ ನೋಡಿದಳು. ಇಪ್ಪತ್ತೆಂಟು ವರ್ಷದಲ್ಲಿ ಅವರು ಎಮ್ಮೆಯನ್ನು ಮುಟ್ಟಿದ್ದು ಅವಳಿಗೆ ನೆನಪಿರಲಿಲ್ಲ.

ಪೂಜೆಯ ಹಿಂದಿನ ಸಂಜೆ ನಾಲ್ಕು ಜನ ಸೇರಿ ಮೈಯನ್ನು ಹಂದರದ ಮೇಲೆ ಇಳಿಸಿದರು. ಮೂಗಿನ ತೂತುಗಳು ಸರಿಯಾಗಿ ಕೂತವು. ಮಧ್ಯದವು ಸ್ವಲ್ಪ ಆಚೆ. ಬಾಲದವು ಒಂದೂಕಾಲು ಇಂಚು ಆಚೆ.

ವರದ ಟೇಪು ಹಿಡಿದು ಹಂದರ ಅಳೆದ. ನಕ್ಷೆ ನೋಡಿದ. ಮತ್ತೆ ಅಳೆದ. "ಹಂದರ ಸರಿಯಿದೆ. ಮೈ ಉದ್ದ ಬಂದಿದೆ. ಏನ್ರೀ ಆಚಾರೀ ಇದು?"

"ಚಿಕ್ಕ ಯಜಮಾನ್ರೇ, ನೀವು ಬರೆದುಕೊಟ್ಟ ಅಳತೆ ಬಿಟ್ಟು ನಾನು ಒಂದು ಕೂದಲೆಳೆ ಆಚೀಚೆ ಹೋಗಿಲ್ಲ."

"ಹಂಗಾದ್ರೆ ಈ ಒಂದೂಕಾಲು ಇಂಚು ಆಕಾಶದಿಂದ ಬಿತ್ತಾ?"

"ನಲವತ್ತು ವರ್ಷ ಆಯ್ತು ಈ ಕೈ ಅಚ್ಚು ಮಾಡೋಕೆ ಶುರುಮಾಡಿ. ಯಾರೂ ಹೀಗೆ ಕೇಳಿರಲಿಲ್ಲ." ಆಚಾರಿ ತನ್ನ ಉಳಿ, ಹತ್ತರಿ, ಗರಗಸ, ಅಳತೆಪಟ್ಟಿಗಳನ್ನೆಲ್ಲ ಒರೆಸಿ, ತೊಳೆದು, ಹಲಗೆಯ ಮೇಲೆ ಸಾಲಾಗಿ ಇಟ್ಟು ಮನೆಗೆ ಹೊರಟುಹೋದ. ಪೂಜೆಗೆ ಇಟ್ಟಮೇಲೆ ಮುಗಿಯಿತು. ವಿಜಯದಶಮಿಯ ಬೆಳಗಿನವರೆಗೆ ಯಾವ ಆಯುಧವನ್ನೂ ಯಾರೂ ಎತ್ತುವಂತಿಲ್ಲ.

ವರದ ಅಡುಗೆಮನೆಗೆ ಬಂದು ನೆಲದ ಮೇಲೆ ಕೂತ. "ಅಮ್ಮಾ, ಆ ನಾಲ್ಕಂತಸ್ತಿನ ಕ್ಯಾರಿಯರ್ ಎಲ್ಲಿದೆ? ತೊಳೆದಿಡು."

ರಂಗನಾಯಕಿ ಕ್ಯಾರಿಯರ್ ಹುಡುಕಲು ಹೋಗಲಿಲ್ಲ. ಅವನ ತಟ್ಟೆಗೆ ಬಿಸಿ ಅಕ್ಕಿಬೇಳೆಯ ಅನ್ನ ಹಾಕಿ, ಎಂದಿಗಿಂತ ಎರಡು ಚಮಚ ಹೆಚ್ಚು ತುಪ್ಪ ಬಿಟ್ಟಳು.

ಪೂಜೆಯ ದಿನ ಯಜಮಾನನಾದವನು ಮನೆ-ಫೌಂಡ್ರಿಯ ಒಂದು ಸೂರನ್ನೂ ಬಿಡುವಂತಿಲ್ಲ. ಎಲ್ಲದರಲ್ಲೂ ತನ್ನ ಕೈಯಾರೆ ಕರ್ಪೂರ ಹಚ್ಚಬೇಕು. ನಾಯ್ಡು ಹೊಸ ಪಂಚೆಯುಟ್ಟು ಕುಲುಮೆಗೆ, ಲೇತುಗಳಿಗೆ, ಆಫೀಸಿನ ಟೈಪ್‌ರೈಟರಿಗೆ, ಕೊನೆಗೆ ಅಡುಗೆಮನೆಯ ಶ್ಯಾವಿಗೆ ಒರಳಿಗೂ ಕುಂಕುಮವಿಟ್ಟರು. ಉಳಿದದ್ದು ಆ ಶೆಡ್ಡೊಂದೇ. ಬಾಳೆಕಂಬ ಕಟ್ಟಿದ ಬಾಗಿಲಲ್ಲಿ ನಿಂತರು. ಹಿಂದೆ ಮಂಡಕ್ಕಿ-ಪುಟಾಣಿಯ ಬುಟ್ಟಿ ಹಿಡಿದು ರಂಗನಾಯಕಿ, ಪಕ್ಕದಲ್ಲಿ ಕುರ್ಚಿ ಹಾಕಿಸಿಕೊಂಡು ತಾಯಾರಮ್ಮ. ಒಳಗೆ ವರದ, ಆಚಾರಿ, ಒಬ್ಬರನ್ನೊಬ್ಬರು ನೋಡದೆ.

"ಏನಪ್ಪಾ ಗುರುಸಾಮಿ, ಕರ್ಪೂರ ಆರ್ತಿದೆ," ಎಂದರು ತಾಯಾರಮ್ಮ.

ಅವರು ಒಳಗೆ ಕಾಲಿಟ್ಟರು. ಬೇರೆ ಪಾತ್ರೆಯ ಮುಚ್ಚಳದಂತೆ ಹಂದರದ ಮೇಲೆ ಸೊಟ್ಟಗೆ ಕೂತಿದ್ದ ಮೈಯನ್ನು ನೋಡಿದರು. ಗೆದ್ದೆನೆಂಬ ಕಳೆ ಮುಖದಲ್ಲಿ ಬರಲಿಲ್ಲ. ಹಲಗೆಯ ಮೇಲಿನ ಆಯುಧಗಳಿಗೆ ಒಂದೊಂದಾಗಿ ಕುಂಕುಮ ಇಡುತ್ತ ಬಂದ ಬೆರಳು, ಹಳದಿ ಮರದ ಒಂದು ಅಳತೆಪಟ್ಟಿಯ ಮೇಲೆ ನಿಂತಿತು.

"ಅವನಿಗೆ ಕೇಳು, ಆ ಮೈ ಎಷ್ಟುದ್ದ ಇರಬೇಕಿತ್ತು?"

"ಹತ್ತಡಿ," ಎಂದ ವರದ ನೆಲ ನೋಡುತ್ತ.

"ಎಷ್ಟು ಹೆಚ್ಚು ಬಂದಿದೆ ಅಂತ ಕೇಳು."

"ಒಂದೂಕಾಲು ಇಂಚು."

ರಂಗನಾಯಕಿ ಬಾಯಿ ತೆರೆಯುವಷ್ಟರಲ್ಲಿ ನಾಯ್ಡು ಹೊಟ್ಟೆ ಕುಲುಕಿಸಿ ನಗತೊಡಗಿದರು. ಆರತಿ ತಟ್ಟೆ ಅಲ್ಲಾಡಿತು. "ಲೋ ವರದಾ! ಅಡಿಗೊಂದು ನೂಲು ಕಣೋ! ಹತ್ತಡಿಗೆ ಹತ್ತು ನೂಲು! ವೇಲಾಯುಧಾ, ಯಾವ ಪಟ್ಟೀಲಿ ಅಳೆದೆಯಯ್ಯಾ?"

"ನನ್ನದರಲ್ಲೇ ಯಜಮಾನ್ರೇ. ಯಾವಾಗಲೂ..." ಎಂದ ಆಚಾರಿ ಅಲ್ಲಿಗೇ ನಿಂತ. ಅವನ ಕೈ ತಾನಾಗಿ ಬಾಯಿ ಮೇಲೆ ಹೋಯಿತು.

ಕಾದ ಕಬ್ಬಿಣ ಆರುವಾಗ ಕುಗ್ಗುತ್ತದೆ. ಅದಕ್ಕೇ ಫೌಂಡ್ರಿಯ ಆಚಾರಿಗಳ ಅಳತೆಪಟ್ಟಿಯಲ್ಲಿ ಪ್ರತಿ ಅಡಿಯೂ ಒಂದು ನೂಲು, ಅಂದರೆ ಇಂಚಿನ ಎಂಟರಲ್ಲೊಂದು ಪಾಲು, ಉದ್ದವಾಗಿಯೇ ಇರುತ್ತದೆ. ಅಚ್ಚು ದೊಡ್ಡದು, ಆರಿದ ಪಂಪು ಸರಿಯಳತೆ. ನಲವತ್ತು ವರ್ಷ ಅದೊಂದೇ ಪಟ್ಟಿ ಹಿಡಿದ ಕೈಗೆ ಬೇರೆ ಅಡಿಯೂ ಲೋಕದಲ್ಲಿದೆಯೆಂಬುದು ಮರೆತೇಹೋಗಿತ್ತು.

"ಫೈಬರ್ ಕುಗ್ಗತ್ತೇನೋ ಪೆದ್ದು? ಅದು ಹುಟ್ಟಿದ ಹಾಗೇ ಇರತ್ತೆ!"

ವರದ ಆಚಾರಿಯ ಕೈ ಹಿಡಿದುಕೊಂಡ. "ನೀವು ಕೂದಲೆಳೆ ತಪ್ಪಿಲ್ಲ. ನಾನೇ ಪಟ್ಟಿ ನೋಡಬೇಕಿತ್ತು."

"ಬಿಡಿ ಚಿಕ್ಕ ಯಜಮಾನ್ರೇ, ನನ್ನ ಬುದ್ಧೀನೇ ಅಡಿಗೊಂದು ನೂಲು ಕುಗ್ಗಿದೆ," ಎಂದ ಆಚಾರಿ ಕಣ್ಣೊರೆಸಿಕೊಂಡು.

ಆಮೇಲೆ ನಾಯ್ಡು ಶೆಡ್ಡು ಬಿಟ್ಟು ಕದಲಲಿಲ್ಲ. ಕಾರಿಗೆ ಸುತ್ತು ಬಂದರು. ಬಗ್ಗಿ ನೋಡಿದರು. ಬೆನ್ನ ಹಿಂದೆ ಕಟ್ಟಿಕೊಂಡ ಕೈಗಳು ತಡೆಯಲಾಗದೆ ಒಂದನ್ನೊಂದು ಹಿಸುಕುತ್ತಿದ್ದವು. "ಮೈ ಕತ್ತರಿಸೋಕೆ ಹೋಗಬೇಡ, ಚೆನ್ನಾಗಿ ಬಂದಿದೆ. ಹಂದರದಲ್ಲಿ ಬೋಲ್ಟು ಕೂರೋ ಕಿವಿಗಳನ್ನ ಜರುಗಿಸು. ಮೂಗಿಂದ ಎಷ್ಟಡಿಯೋ ಅಷ್ಟು ನೂಲು ಹಿಂದಕ್ಕೆ. ಇಲ್ಲಿ ಮೂರು, ಇಲ್ಲಿ ಆರು... ಥೂ, ಚಾಕ್ ಕೂಡ ಹಿಡಿಯೋ ಹಾಗಿಲ್ಲ." ತಾಯಿಯ ಕಡೆ ತಿರುಗಿದರು. "ಅಮ್ಮಾ, ಬೆರಳು ಆಯುಧ ಅಲ್ಲ ಅಲ್ವಾ?"

"ನಿನ್ನ ಬೆರಳು ಯಾವತ್ತು ಕೆಲಸಕ್ಕೆ ಬಂದಿದೆ? ಮಾಡ್ಕೋ."

ಕುಂಕುಮದ ಬಟ್ಟಲಲ್ಲಿ ಬೆರಳದ್ದಿ ಅವರು ಪೈಪುಗಳ ಮೇಲೆ ಗುರುತಿಡುತ್ತ ಹೋದರು. ಮೂಗಿನ ಹಿಂದೆ ಎರಡು, ನಡುವೆ ನಾಲ್ಕು, ಬಾಲದಲ್ಲಿ ನಾಲ್ಕು.

ವರದ ಮಾತ್ರ ಕಾರಿನಿಂದ ಒಂದು ಹೆಜ್ಜೆ ಹಿಂದೆ ಸರಿದ. "ಅಪ್ಪಾ, ಮಾತು ಮಾತೇ. ಪೂಜೆಗೆ ಕಾರು ಆಗಿಲ್ಲ. ಹಬ್ಬ ಮುಗಿಯಲಿ, ಎಂಟು ಗಂಟೆಗೆ ಬರ್ತೀನಿ."

ನಾಯ್ಡು ತಮ್ಮ ಕೆಂಪು ಬೆರಳನ್ನು ನೋಡಿಕೊಂಡರು.

"ನೀನು ಹೇಳಿದ್ದೇನೋ?" ಎಂದರು ತಾಯಾರಮ್ಮ. "ಕುಂಕುಮ ಇಡೋಕೆ ಕಾರಿರತ್ತೆ ಅಂದೆ. ನಿಮ್ಮಪ್ಪ ಹತ್ತು ಕಡೆ ಕುಂಕುಮ ಇಟ್ಟಾಯ್ತು. ಕಾರಲ್ಲದೆ ಇನ್ನೇನು, ಕಡಲೆಕಾಯಿ ಚೀಲಕ್ಕೆ ಇಟ್ಟನಾ? ಅಮ್ಮಣ್ಣೀ, ಮಂಡಕ್ಕಿ ಹಂಚು, ಹೊಟ್ಟೆ ಹಸೀತಿದೆ."

ವಿಜಯದಶಮಿಯ ಬೆಳಗ್ಗೆ ಆರಕ್ಕೇ ಲುಂಗಿಯುಟ್ಟು ಶೆಡ್ಡಿಗೆ ಹೋದವರು ನಾಯ್ಡು. ಮಧ್ಯಾಹ್ನ ಅಪ್ಪ, ಮಗ, ಆಚಾರಿ ಮೂವರೂ ಎಣ್ಣೆಗೈಯಲ್ಲೇ ಊಟಕ್ಕೆ ಕೂತು ಒಟ್ಟೊಟ್ಟಿಗೆ ಮಾತಾಡಿದರು, ಜಗಳವಾಡಿದರು, ತಟ್ಟೆಯ ಮೇಲೆ ಬೆರಳಿನಿಂದ ನಕ್ಷೆ ಬರೆದರು. ಯಾರೂ "ಅವನಿಗೆ ಹೇಳು" ಎನ್ನಲಿಲ್ಲ. ರಂಗನಾಯಕಿಗೆ ಎಷ್ಟೋ ದಿನದ ಮೇಲೆ ಅನ್ನವನ್ನು ಬಿಸಿಯಾಗಿ ತಿನ್ನಲು ಪುರಸೊತ್ತು ಸಿಕ್ಕಿತು.

ಮುಂದಿನ ಭಾನುವಾರ ಫೌಂಡ್ರಿಯ ಹಿಂದಿನ ರಸ್ತೆಯಲ್ಲಿ ಕಾರು ಓಡಿತು. ಚಕ್ರದ ಕೆಳಗಿಟ್ಟ ನಿಂಬೆಹಣ್ಣು ಪಚಕ್ಕೆಂದಿತು; ಆಮೇಲೆ ಕಂಡದ್ದು ಧೂಳು ಮಾತ್ರ. ನಾಲ್ಕು ಸುತ್ತು ಬಂದು ನಿಂತ ವರದನನ್ನು ಎಳೆದು, "ಸರಿ, ನಾನೊಂದು ಸಲ," ಎಂದು ನಾಯ್ಡು ಒಳಗೆ ಕಾಲಿಟ್ಟರು. ಸೊಂಟದವರೆಗೆ ಇಳಿದರು. ಅಲ್ಲಿಂದ ಕೆಳಗೂ ಇಲ್ಲ, ಮೇಲೂ ಇಲ್ಲ. ಐದು ಜನ ಸೇರಿ ಎತ್ತಬೇಕಾಯಿತು. "ಇದು ಯಾರ ಅಳತೆಯೋ?" ಎಂದು ಅವರು ಏದುಸಿರು ಬಿಡುತ್ತ ಕೇಳಿದಾಗ ಆಚಾರಿ ಮತ್ತೆ ಫೌಂಡ್ರಿಯ ಗೋಡೆ ಕಡೆ ತಿರುಗಿದ.

"ಅಮ್ಮಂದು," ಎಂದ ವರದ. "ನನಗೂ ಸ್ವಲ್ಪ ಹಿಡಿಯತ್ತೆ. ಫೆಬ್ರವರಿ ರೇಸಿಗೆ ನನ್ನ ಸೀಟು ಬೇರೆ ಮಾಡ್ಕೋತೀನಿ. ನಾಲ್ಕು ಬೋಲ್ಟು ಬಿಚ್ಚಿದ್ರೆ ಒಂದು ಸೀಟು ಹೋಗಿ ಇನ್ನೊಂದು ಬರತ್ತೆ. ಇದನ್ನ ಗುಜರಿಗೆ ಹಾಕಿದ್ರಾಯ್ತು, ಇನ್ಯಾರೂ ಇದರಲ್ಲಿ ಕೂರೋಕಾಗಲ್ಲ."

"ಗುಜರಿಗೆ ಯಾಕೆ, ಒಳಗೆ ಕೊಡು," ಎಂದಳು ರಂಗನಾಯಕಿ. "ಬತ್ತದ ಕಣಜಕ್ಕೆ ಮುಚ್ಚಳ ಆಗತ್ತೆ."

ಆ ಮಧ್ಯಾಹ್ನ ಅವಳು ಸೀಟನ್ನು ಒಗೆಯುವ ಕಲ್ಲಿನ ಮೇಲಿಟ್ಟು ಸೀಗೆಪುಡಿ ಹಾಕಿ ಉಜ್ಜಿದಳು. ತನ್ನದೇ ಬೆನ್ನನ್ನು, ತನ್ನದೇ ಸೊಂಟವನ್ನು ಹೊರಗಿನಿಂದ ಸವರುವುದು ವಿಚಿತ್ರವಾಗಿತ್ತು. ಒಣಗಿದ ಮೇಲೆ ಹಳೆಯ ಸೀರೆಯಲ್ಲಿ ಸುತ್ತಿ ಅಟ್ಟದ ಮೇಲೆ, ಹಬ್ಬದ ಹಿತ್ತಾಳೆ ಪಾತ್ರೆಗಳ ಪಕ್ಕ ಇಟ್ಟಳು. ಕೆಳಗಿಳಿಯುವಾಗ ಕೈಯಲ್ಲೊಂದು ತಗಡಿನ ಡಬ್ಬಿಯಿತ್ತು. ಅದರೊಳಗೆ, ಮದುವೆಯ ಕಾಗದಗಳ ಕೆಳಗೆ, ಎರಡು ಜಡೆಯ ಹುಡುಗಿಯ ಫೋಟೋ ಅಂಟಿಸಿದ ಪುಟ್ಟ ಪುಸ್ತಕ. ಮೂಲೆ ಮಾತ್ರ ಹುಳ ತಿಂದಿತ್ತು. ಮುಖ ಇತ್ತು.

"ಏನಮ್ಮಣ್ಣಿ ಅದು?"

"ಹಳೇ ಸಾಮಾ‍ನು ಅತ್ತೆ."

ತಾಯಾರಮ್ಮ ಕಣ್ಣು ಮುಚ್ಚಿಕೊಂಡರು. ನಿದ್ದೆ ಬಂದಿತ್ತೋ ಇಲ್ಲವೋ.

ಫೆಬ್ರವರಿಗೆ ಇನ್ನೂ ಮೂರೂವರೆ ತಿಂಗಳಿತ್ತು. ಲೈಸೆನ್ಸಿನ ಕಚೇರಿ ಹತ್ತಕ್ಕೆ ತೆರೆಯುತ್ತದೆ. ನಾಯ್ಡು ಎಂಟಕ್ಕೇ ಹೊರಡುತ್ತಾರೆ. ರಂಗನಾಯಕಿ ಪುಟ್ಟ ಪುಸ್ತಕವನ್ನು ಕೈಚೀಲದ ತಳಕ್ಕೆ ಸೇರಿಸಿ, ಮಾರನೆಯ ದಿನದ ಅಕ್ಕಿ ನೆನೆಹಾಕಲು ಕೂತಳು.

"ರೀ," ಎಂದಳು ನಾಯ್ಡು ಚಹಾಕ್ಕೆ ಬಂದಾಗ, "ನಾಳೆ ಸ್ವಲ್ಪ ಪೇಟೆಗೆ ಹೋಗಿ ಬರ್ತೀನಿ. ಹೊಲಿಗೆಯವನ ಹತ್ತಿರ ಕೆಲಸ ಇದೆ."

"ಡ್ರೈವರನ್ನ ಕಳಿಸ್ಲಾ?"

"ಬೇಡಿ. ಬಸ್ಸಿಗೆ ಹೋಗ್ತೀನಿ."

ಅದು ಸುಳ್ಳೇನೂ ಆಗಿರಲಿಲ್ಲ. ಹೊಲಿಗೆಯವನ ಹತ್ತಿರ ನಿಜವಾಗಿಯೂ ಕೆಲಸವಿತ್ತು. ಸೀರೆಯ ನೆರಿಗೆ ಪೆಡಲಿಗೆ ಅಡ್ಡ ಬರುತ್ತದೆ ಎಂಬುದು ಅವಳಿಗೆ ಆಗಲೇ ಗೊತ್ತಾಗಿತ್ತಲ್ಲ.